ಉದ್ಯಾವರದಲ್ಲಿ ಗಾಡಿ ನೋಡಿದ್ದು

ಬಣ್ಣ ನೋಡಬೇಡಿ ಬಾಯಮ್ಮ, ಬಣ್ಣ ಕೊನೆಗೆ.
ಟಾರ್ಚ್ ಕೊಡಿ ಇಲ್ಲಿ.
ಮೂವತ್ತೊಂದು ವರ್ಷ ಮಲ್ಪೆಯ ಬೋಟುಗಳ ಹೊಟ್ಟೆಯೊಳಗೆ
ಅಂಗಾತ ಮಲಗಿ ಎದ್ದವನು ನಾನು,
ಉಪ್ಪು ಎಲ್ಲಿ ಅಡಗುತ್ತದೆಂದು ಮೂಗಿಗೆ ಗೊತ್ತು.
ಬೋಟಿಗೆ ನೀರು ಹೊರಗೆ, ಈ ಗಾಡಿಮನೆಗೆ ನೀರು ಒಳಗೆ.
ಅದರದರ ಬದಿಯಲ್ಲಿ ಅದು ಇರುವಷ್ಟು ದಿನ
ಚಿಂತೆ ಇಲ್ಲ.

ಅಡಿಗೂ ಹೊಸ ಪೇಂಟು ಹೊಡೆದಿದ್ದಾರೆ, ಕಂಡಿರಾ?
ಮುಚ್ಚಲು ಏನೂ ಇಲ್ಲದಿದ್ದರೆ
ಅಡಿಗೆ ಯಾರು ಪೇಂಟು ಹೊಡೆಯುತ್ತಾರೆ ಮಾರಾಯ್ರೆ?
ಸ್ಕ್ರೂಡ್ರೈವರಿನ ಹಿಡಿಯಲ್ಲಿ ತಟ್ಟಿ ಕೇಳಿ:
ಟಣ್ ಅಂದರೆ ಕಬ್ಬಿಣ,
ಡಬ್ ಅಂದರೆ ಹಪ್ಪಳ.

ಒಳಗೆ ಬನ್ನಿ. ಚಪ್ಪಲಿ ಇರಲಿ.
ಮೂಲೆಯ ಪ್ಲೈವುಡ್ಡನ್ನು ಹೆಬ್ಬೆರಳಲ್ಲಿ ಒತ್ತಿ.
ಮೆತ್ತಗೆ ಉಂಟಾ? ಒಂದು ಮಳೆಗಾಲ ಕುಡಿದಿದೆ ಅದು,
ಇನ್ನೊಂದು ಕುಡಿದರೆ ಇಡ್ಲಿ.
ದಲ್ಲಾಳಿ ಸೋಫಾ ತೋರಿಸುತ್ತಾನೆ, ನೀಲಿ ದೀಪ ತೋರಿಸುತ್ತಾನೆ,
ನೀವು ಟಯರಿನ ಪಕ್ಕೆಯ ನಾಲ್ಕು ಅಂಕಿ ಓದಿ:
ಮೊದಲೆರಡು ವಾರ, ಕೊನೆಯೆರಡು ವರ್ಷ.
ಗೀರು ಎಷ್ಟು ಆಳ ಇದ್ದರೂ
ರಬ್ಬರಿಗೆ ಪ್ರಾಯ ಆಗುತ್ತದೆ, ನಮ್ಮ ಹಾಗೆಯೇ.

ದೊಡ್ಡದೇ ಬೇಕು ಅನ್ನಿಸುವುದು ಎಲ್ಲರಿಗೂ.
ಇನ್ನೂರು ಲೀಟರ್ ನೀರು ಅಂದರೆ
ನಾಲ್ಕು ಮೂಟೆ ಕುಚ್ಚಲಕ್ಕಿ ಹೇರಿದ ಲೆಕ್ಕ;
ಘಾಟಿ ಇಳಿಯುವಾಗ ಅದು ಬ್ರೇಕಿಗೆ ಗೊತ್ತಾಗುತ್ತದೆ.
ಸಮುದ್ರದ ಬದಿಗೆ ಹೋಗಿ ಬಂದ ದಿನ
ಅಡಿಯೆಲ್ಲ ಬಾವಿ ನೀರಲ್ಲಿ ತೊಳೆಯಿರಿ, ಸುಸ್ತಾದರೂ.
ಆಟಿ ತಿಂಗಳಲ್ಲಿ ಟಾರ್ಪಾಲು ಸುತ್ತಿ ಬಿಗಿಯಬೇಡಿ,
ಉಸಿರು ಬೇಕು ಅದಕ್ಕೆ.

ನಿಲ್ಲಿಸುವಾಗ ಮೇಲೆ ನೋಡಿ. ತೆಂಗಿನಡಿ ಬೇಡವೇ ಬೇಡ.
ನೆರಳು ಅಂತ ನಿಲ್ಲಿಸಿದ ತೊಟ್ಟಂನ ಪದ್ಮನಾಭ ಕರ್ಕೇರನ
ಸೋಲಾರ್ ಹಲಗೆಗೆ ಬಿದ್ದದ್ದು ಒಂದೇ ಒಂದು ಕಾಯಿ,
ಅದು ಚಟ್ನಿಗೂ ಆಗಲಿಲ್ಲ.
ಪಡುಕೆರೆಯ ಹೊಯಿಗೆ ಕಣ್ಣಿಗೆ ಗಟ್ಟಿ, ಚಕ್ರಕ್ಕೆ ಪಾಯಸ.
ರಸ್ತೆ ಬದಿಯ ಮನೆಯವರಲ್ಲಿ ಕೇಳಿ, ಅಂಗಳ ಕೊಟ್ಟಾರು,
ನಾಲ್ಕು ಬಂಗುಡೆಯೂ ಕೊಟ್ಟಾರು.
ಕಕ್ಕಸಿನ ಟ್ಯಾಂಕು ಮಾತ್ರ ಅವರ ತೋಡಿಗೆ ಬಿಟ್ಟಿರೋ,
ನಿಮ್ಮ ಗುರ್ತವೇ ಇಲ್ಲ ಅನ್ನುತ್ತೇನೆ.

ಮೇಜಿನ ಮೇಲೆ ಒಂದು ಲಿಂಬೆ ಇಡಿ.
ಉರುಳಿದ ಕಡೆಯ ಚಕ್ರಕ್ಕೆ ಹಲಗೆ ಕೊಡಿ.
ಇಲ್ಲದಿದ್ದರೆ ರಾತ್ರಿಯಿಡೀ ರಕ್ತ ತಲೆಗೆ ಇಳಿಯುತ್ತದೆ.
ನರ್ಸಮ್ಮನಿಗೆ ಇದನ್ನು ನಾನು ಹೇಳುವುದಾ!

ಇಷ್ಟು ಹೊತ್ತೂ ಪ್ರೆಸಿಲ್ಲಾ ಬಾಯಮ್ಮ ಮಾತಾಡಲಿಲ್ಲ.
ಮೂವತ್ತನಾಲ್ಕು ವರ್ಷದ ಹಾಸ್ಟೆಲು, ಕ್ವಾರ್ಟರ್ಸು,
ಒಬ್ಬಳು ಎದ್ದುಹೋದ ಬಿಸಿಯಲ್ಲೇ
ಇನ್ನೊಬ್ಬಳು ಮಲಗುವ ಪಾಳಿಯ ಮಂಚ.
ಈಗ ಚಪ್ಪಲಿ ಬಿಚ್ಚಿಟ್ಟು
ಆ ಹಲಗೆಯ ಮೇಲೆ ಉದ್ದಕ್ಕೆ ಮಲಗಿದರು,
ಐದಡಿ ಎಂಟಿಂಚಿನ ಹೆಂಗಸು.
ಪಾದ ಗೋಡೆಗೆ ತಾಗಿತು.

"ಈ ಗೋಡೆ ಆರು ಇಂಚು ಆಚೆ ಹೋಗುತ್ತದಾ, ವಾಮನಣ್ಣ?"
ಹೋಗುವುದಿಲ್ಲ.
"ಹಾಗಾದರೆ ಇದು ಬೇಡ."

ತುಕ್ಕು, ಟಯರು, ಕುಡಿದ ಪ್ಲೈವುಡ್ಡು
ಯಾವುದೂ ಲೆಕ್ಕಕ್ಕೆ ಬರಲೇ ಇಲ್ಲ.
ದಲ್ಲಾಳಿ ಹತ್ತು ಸಾವಿರ ಇಳಿಸಿದ,
ಆಮೇಲೆ ಇಪ್ಪತ್ತು.

ಹಿಂದೆ ಬರುವಾಗ, ಬಂದದ್ದಕ್ಕೆ ಒಂದು ಮರ್ಯಾದೆ ಅಂತ,
ನನ್ನ ಗಾಡಿಯಲ್ಲೇ ಚಹಾಕ್ಕೆ ಇಡಹೊರಟೆ.
ಅವರು ಕನ್ನಡಕ ಏರಿಸಿ, ಬಗ್ಗಿ,
ಔಷಧಿ ಬಾಟಲಿ ಹಿಡಿದು ಓದುವ ಹಾಗೆ
ಗ್ಯಾಸಿನ ಪೈಪನ್ನು ಎರಡು ಬೆರಳಲ್ಲಿ ತಿರುಗಿಸಿ ಓದಿದರು.
"ಇದರ ತಾರೀಕು ಮುಗಿದು ಎರಡು ವರ್ಷ ಆಯ್ತಲ್ಲ."
ರೆಗ್ಯುಲೇಟರನ್ನು ಅವರೇ ಮುಚ್ಚಿದರು.

ಹೋಟೆಲಿನಲ್ಲಿ ಚಹಾ ಕುಡಿದೆವು. ದುಡ್ಡು ನಾನು ಕೊಟ್ಟೆ.
ಬರುವ ಆದಿತ್ಯವಾರ ಕಾಪುವಿನಲ್ಲಿ ಇನ್ನೊಂದು ಉಂಟು.
ಟೇಪು ಅವರೇ ತರುತ್ತಾರಂತೆ,
ಟಾರ್ಚ್ ಮಾತ್ರ ನಾನು ತಂದರೆ ಸಾಕಂತೆ.